ಸ್ವಚ್ಛ ನಗರಿಯ ಅಂಚಿನಲ್ಲಿ ಮುಚ್ಚಳ ತೆರೆಯದ ಗುಂಡಿಗಳು

ಮೈಸೂರು: ದೇಶದ 73 ನಗರಗಳ ನಡುವೆ ನಡೆದ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ಮೊದಲ ಸ್ಥಾನ ಪಡೆದಾಗ ನಗರದ ಪೌರಕಾರ್ಮಿಕರ ದುಡಿಮೆಗೆ, ನಾಗರಿಕರ ಶಿಸ್ತಿಗೆ ಮೆಚ್ಚುಗೆಯ ಮಹಾಪೂರವೇ ಹರಿದುಬಂದಿತ್ತು. ಬೀದಿ ಗುಡಿಸುವುದು, ಮನೆಮನೆಯಿಂದ ಕಸ ಸಂಗ್ರಹಿಸುವುದು, ಹಸಿ ಕಸ ಒಣ ಕಸ ಬೇರ್ಪಡಿಸುವುದು ಇವೆಲ್ಲವೂ ಕಣ್ಣಿಗೆ ಕಾಣುವ ಸ್ವಚ್ಛತೆಯ ಲೆಕ್ಕಕ್ಕೆ ಸೇರಿದವು. ಆದರೆ ಕಣ್ಣಿಗೆ ಕಾಣದ ಇನ್ನೊಂದು ಲೆಕ್ಕವಿದೆ. ಅದು ಮನೆಯ ಹಿತ್ತಲಿನಲ್ಲೋ, ಕಾರು ನಿಲ್ಲಿಸುವ ಜಾಗದ ಕಲ್ಲುಹಾಸಿನ ಕೆಳಗೋ ಮುಚ್ಚಿಕೊಂಡಿರುವ ಸೆಪ್ಟಿಕ್ ಟ್ಯಾಂಕಿನ ಲೆಕ್ಕ. ಅದನ್ನು ಕೊನೆಯ ಬಾರಿ ತೆರೆದದ್ದು ಯಾವಾಗ ಎಂದು ಕೇಳಿದರೆ ಬಹುತೇಕ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ. ಕೆಲವು ಮನೆಗಳಲ್ಲಿ ಮುಚ್ಚಳ ಎಲ್ಲಿದೆ ಎಂಬುದೇ ಮರೆತುಹೋಗಿರುತ್ತದೆ.

ಇದು ಕೇವಲ ಮನೆವಾರ್ತೆಯ ವಿಷಯವೆಂದು ತಳ್ಳಿಹಾಕುವಂತಿಲ್ಲ. ಟ್ಯಾಂಕಿನ ನಿರ್ವಹಣೆಯಲ್ಲಿ ಆಗುವ ಉದಾಸೀನಕ್ಕೆ ಬೆಲೆ ತೆರುವವರು ಆ ಮನೆಯವರಷ್ಟೇ ಅಲ್ಲ. ಪಕ್ಕದ ಮನೆಯ ಕೊಳವೆಬಾವಿ, ಬಡಾವಣೆಯ ತಗ್ಗಿನಲ್ಲಿರುವ ಕೆರೆ, ಎಲ್ಲಕ್ಕಿಂತ ಮಿಗಿಲಾಗಿ ಗುಂಡಿ ತುಂಬಿ ಉಕ್ಕಿದ ದಿನ ಅವಸರದಲ್ಲಿ ಕರೆಸಿಕೊಳ್ಳಲಾಗುವ ಕೂಲಿಯಾಳು ಆ ಬೆಲೆಯನ್ನು ತೆರುತ್ತಾರೆ. ಈ ಕಾರಣದಿಂದಲೇ ಸೆಪ್ಟಿಕ್ ಟ್ಯಾಂಕು ಆರೋಗ್ಯ, ಕಾನೂನು ಮತ್ತು ನಗರಾಡಳಿತ ಈ ಮೂರೂ ಕೂಡುವ ಜಾಗವಾಗಿದೆ.

ನಗರ ಮುಂದೆ, ಕೊಳವೆ ಹಿಂದೆ

ಒಳಚರಂಡಿಯ ವಿಷಯದಲ್ಲಿ ಮೈಸೂರು ಹಿಂದುಳಿದ ಊರೇನಲ್ಲ. ನಗರ ಸುಧಾರಣೆಗೆಂದೇ 1903ರಲ್ಲಿ ಟ್ರಸ್ಟ್ ಬೋರ್ಡ್ ರಚಿಸಿಕೊಂಡ ಊರಿದು. ಮರುವರ್ಷವೇ, ಅಂದರೆ 1904ರಲ್ಲಿ ಇಲ್ಲಿ ನೆಲದಡಿಯ ಚರಂಡಿ ವ್ಯವಸ್ಥೆ ಆರಂಭವಾಯಿತು. ನಗರದ ಕೊಳಚೆ ನೀರು ಇಳಿಜಾರಿಗೆ ಅನುಗುಣವಾಗಿ ಕೆಸರೆ, ಮಳಲವಾಡಿ, ದಳವಾಯಿ ಮತ್ತು ಬೆಳವತ್ತ ಎಂಬ ನಾಲ್ಕು ಕಣಿವೆಗಳ ಕಡೆಗೆ ಹರಿಯುತ್ತದೆ. ವಿದ್ಯಾರಣ್ಯಪುರಂ, ರಾಯನಕೆರೆ ಮತ್ತು ಕೆಸರೆಯಲ್ಲಿ ನಿರ್ಮಿಸಲಾದ ಮೂರು ಶುದ್ಧೀಕರಣ ಘಟಕಗಳ ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 157 ದಶಲಕ್ಷ ಲೀಟರ್. ಹಳೆಯ ನಗರದ ನಿವಾಸಿಗಳಿಗೆ ಸೆಪ್ಟಿಕ್ ಟ್ಯಾಂಕಿನ ಚಿಂತೆ ಅಷ್ಟಾಗಿ ಇಲ್ಲದಿರುವುದಕ್ಕೆ ಇದೇ ಕಾರಣ.

ಸಮಸ್ಯೆಯಿರುವುದು ಅಂಚಿನಲ್ಲಿ. ಕಳೆದ ಎರಡು ಮೂರು ದಶಕಗಳಲ್ಲಿ ನಗರವು ಹೊರವರ್ತುಲ ರಸ್ತೆಯನ್ನು ದಾಟಿ ಸುತ್ತಲಿನ ಗ್ರಾಮಗಳ ಹೊಲಗದ್ದೆಗಳತ್ತ ಚಾಚಿಕೊಂಡಿತು. ಪ್ರಾಧಿಕಾರದ ಬಡಾವಣೆಗಳು, ಗೃಹ ನಿರ್ಮಾಣ ಸಹಕಾರ ಸಂಘಗಳ ಬಡಾವಣೆಗಳು, ಖಾಸಗಿಯವರ ಬಡಾವಣೆಗಳು, ಇವುಗಳ ಮಧ್ಯೆ ಕಂದಾಯ ಭೂಮಿಯಲ್ಲೇ ಎದ್ದ ಮನೆಗಳು ಹೀಗೆ ಬೆಳವಣಿಗೆ ಹಲವು ಬಗೆಯಲ್ಲಿ ನಡೆಯಿತು. 2020-21ರ ಅವಧಿಯಲ್ಲಿ ಹೂಟಗಳ್ಳಿ ನಗರಸಭೆಯಾಗಿಯೂ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ ಮತ್ತು ಕಡಕೊಳ ಪಟ್ಟಣ ಪಂಚಾಯಿತಿಗಳಾಗಿಯೂ ರೂಪುಗೊಂಡವು. ಅಲ್ಲಿಯವರೆಗೆ ಈ ಪ್ರದೇಶಗಳನ್ನು ನೋಡಿಕೊಳ್ಳುತ್ತಿದ್ದುದು ಗ್ರಾಮ ಪಂಚಾಯಿತಿಗಳು. ಬೀದಿದೀಪ, ಕುಡಿಯುವ ನೀರು, ಮನೆಗಂದಾಯ ಇಷ್ಟರಲ್ಲೇ ಪಂಚಾಯಿತಿಯ ಶಕ್ತಿ ಮುಗಿದುಹೋಗುತ್ತಿತ್ತು.

ಇಂತಹ ಬಡಾವಣೆಗಳಲ್ಲಿ ಎರಡು ಬಗೆಯ ಸ್ಥಿತಿ ಕಂಡುಬರುತ್ತದೆ. ಒಳಚರಂಡಿ ಕೊಳವೆಯೇ ಇಲ್ಲದ ಕಡೆ ಪ್ರತಿ ಮನೆಯೂ ತನ್ನದೇ ಗುಂಡಿ ತೋಡಿಕೊಂಡಿದೆ. ಕೊಳವೆ ಹಾಕಿದ್ದರೂ ಅದು ನಗರದ ಮುಖ್ಯ ಕೊಳವೆಗೆ ಕೂಡದ ಕಡೆ ಬಡಾವಣೆಯ ಎಲ್ಲ ಮನೆಗಳ ಕೊಳಚೆಯೂ ತಗ್ಗಿನ ಒಂದು ಜಾಗಕ್ಕೆ ಬಂದು ಬೀಳುತ್ತದೆ. ಮೊದಲನೆಯದು ಮನೆಯ ಸಮಸ್ಯೆಯಂತೆಯೂ ಎರಡನೆಯದು ಊರಿನ ಸಮಸ್ಯೆಯಂತೆಯೂ ತೋರುತ್ತವೆ. ನೆಲದಡಿಯ ನೀರಿಗೆ ಈ ಭೇದ ತಿಳಿಯದು.

ಇದು ಮೈಸೂರೊಂದರ ಕಥೆಯಲ್ಲ. 2011ರ ಜನಗಣತಿಯ ಪ್ರಕಾರ ದೇಶದ ನಗರ ಪ್ರದೇಶದ ಕುಟುಂಬಗಳಲ್ಲಿ ಕೊಳವೆಯ ಒಳಚರಂಡಿಗೆ ಸೇರಿದ್ದ ಶೌಚಾಲಯ ಹೊಂದಿದ್ದವು ಶೇ. 32.7 ಮಾತ್ರ. ಸೆಪ್ಟಿಕ್ ಟ್ಯಾಂಕನ್ನು ನಂಬಿದ್ದವು ಶೇ. 38.2. ಅಂದರೆ ನಗರ ಭಾರತದಲ್ಲಿ ಆಗಲೇ ಕೊಳವೆಗಿಂತ ಟ್ಯಾಂಕಿನದ್ದೇ ಮೇಲುಗೈಯಾಗಿತ್ತು. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನ ಶೌಚಾಲಯಗಳ ಸಂಖ್ಯೆಯನ್ನು ಹೆಚ್ಚಿಸಿತು. ಶೌಚಾಲಯ ಹೆಚ್ಚಿದಷ್ಟೂ ಗುಂಡಿಗಳೂ ಹೆಚ್ಚಿದವು. ಕಟ್ಟಿದ ಗುಂಡಿ ತುಂಬಿದ ಮೇಲೆ ಏನು ಎಂಬ ಪ್ರಶ್ನೆಗೆ ಆಡಳಿತ ಗಂಭೀರವಾಗಿ ಕಿವಿಗೊಟ್ಟದ್ದು ಅದರ ನಂತರ.

ಟ್ಯಾಂಕಿನೊಳಗೆ ನಡೆಯುವುದೇನು?

ಸೆಪ್ಟಿಕ್ ಟ್ಯಾಂಕಿನ ಮೂಲ ಕಲ್ಪನೆ ಫ್ರಾನ್ಸ್ ದೇಶದ್ದು. ಅಲ್ಲಿ ಜಾನ್ ಲೂಯಿ ಮೂರಾಸ್ ಎಂಬಾತ 1860ರ ಸುಮಾರಿಗೆ ಮನೆಯ ಕೊಳಚೆಯನ್ನು ಮುಚ್ಚಿದ ತೊಟ್ಟಿಗೆ ಹರಿಸಿದ್ದ. ವರ್ಷಗಳ ಬಳಿಕ ತೊಟ್ಟಿಯನ್ನು ತೆರೆದಾಗ ನಿರೀಕ್ಷಿಸಿದಷ್ಟು ಘನತ್ಯಾಜ್ಯ ಅದರಲ್ಲಿ ಉಳಿದಿರಲಿಲ್ಲ. ಆತ 1881ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ಡೊನಾಲ್ಡ್ ಕ್ಯಾಮರಾನ್ 1895ರಲ್ಲಿ ಇಂಥದ್ದೇ ತೊಟ್ಟಿ ಕಟ್ಟಿಸಿ ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರನ್ನು ಬಳಕೆಗೆ ತಂದ.

ತತ್ತ್ವ ಸರಳವಾದುದು. ಶೌಚಾಲಯದಿಂದ ಬಂದ ಕೊಳಚೆ ತೊಟ್ಟಿಯಲ್ಲಿ ಕನಿಷ್ಠ ಒಂದು ದಿನವಾದರೂ ನಿಲ್ಲಬೇಕು. ಭಾರವಾದದ್ದು ತಳಕ್ಕೆ ಕುಳಿತು ಕೆಸರಾಗುತ್ತದೆ. ಎಣ್ಣೆ, ಜಿಡ್ಡು, ಸಾಬೂನಿನ ನೊರೆ ಮೇಲೆ ಕೆನೆಯಂತೆ ತೇಲುತ್ತವೆ. ನಡುವಿನ ತಿಳಿಯಾದ ನೀರು ಹೊರಕೊಳವೆಯ ಮೂಲಕ ಇಂಗುಗುಂಡಿಗೆ ಹೋಗುತ್ತದೆ. ಗಾಳಿಯಿಲ್ಲದ ಕತ್ತಲಲ್ಲಿ ಬದುಕುವ ಸೂಕ್ಷ್ಮಜೀವಿಗಳು ತಳದ ಕೆಸರನ್ನು ನಿಧಾನವಾಗಿ ಕೊಳೆಸಿ ಅದರ ಗಾತ್ರವನ್ನು ಕುಗ್ಗಿಸುತ್ತವೆ. ಈ ಕ್ರಿಯೆಯಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ಹುಟ್ಟುತ್ತವೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಸೂಕ್ಷ್ಮಜೀವಿಗಳು ಕೆಸರನ್ನು ಕುಗ್ಗಿಸುತ್ತವೆಯೇ ಹೊರತು ಪೂರ್ತಿ ಇಲ್ಲವಾಗಿಸುವುದಿಲ್ಲ. ಉಳಿದದ್ದು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇರುತ್ತದೆ. ಎರಡನೆಯದು, ಹೊರಬರುವ ನೀರು ತಿಳಿಯಾಗಿ ಕಂಡರೂ ಶುದ್ಧವಲ್ಲ. ಅದರಲ್ಲಿ ರೋಗಾಣುಗಳು ಇದ್ದೇ ಇರುತ್ತವೆ. ಆ ನೀರನ್ನು ಶೋಧಿಸುವ ಕೆಲಸ ಇಂಗುಗುಂಡಿಯ ಸುತ್ತಲಿನ ಮಣ್ಣಿನದು. ಇಂಗುಗುಂಡಿಯಿಲ್ಲದೆ ಟ್ಯಾಂಕಿನ ಹೊರಕೊಳವೆಯನ್ನು ನೇರವಾಗಿ ರಸ್ತೆಬದಿಯ ಚರಂಡಿಗೆ ಬಿಡುವ ಮನೆಗಳು ರೋಗಾಣುಗಳನ್ನು ಬೀದಿಗೆ ಬಿಟ್ಟಂತೆಯೇ ಸರಿ.

'ತುಂಬದ' ಗುಂಡಿಯ ಗುಟ್ಟು

ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಸಂಹಿತೆ ಟ್ಯಾಂಕಿನ ಅಳತೆಯನ್ನು ಸ್ಪಷ್ಟವಾಗಿ ಸೂಚಿಸುತ್ತದೆ. ಐದು ಮಂದಿ ಬಳಸುವ, ವರ್ಷಕ್ಕೊಮ್ಮೆ ಕೆಸರು ತೆಗೆಯುವ ಟ್ಯಾಂಕು ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ ಇರಬೇಕು. ನೀರು ನಿಲ್ಲುವ ಆಳ ಒಂದು ಮೀಟರ್. ಅಂದರೆ ಸುಮಾರು 1,125 ಲೀಟರ್. ಅದೇ ಇಪ್ಪತ್ತು ಮಂದಿ ಬಳಸುವುದಾದರೆ ಉದ್ದ 2.3 ಮೀಟರ್, ಅಗಲ 1.1 ಮೀಟರ್, ಆಳ 1.3 ಮೀಟರ್. ಅಲ್ಲಿಗೆ 3,200 ಲೀಟರಿಗೂ ಹೆಚ್ಚು. ಉದ್ದವು ಅಗಲದ ಎರಡರಿಂದ ನಾಲ್ಕು ಪಟ್ಟಿರಬೇಕು ಎಂಬ ನಿಯಮದ ಉದ್ದೇಶ, ಒಳಬಂದ ಕೊಳಚೆ ಕೂಡಲೇ ಹೊರಕೊಳವೆಯನ್ನು ತಲುಪಬಾರದು ಎಂಬುದು.

ಮೈಸೂರಿನ ಹೊಸ ಬಡಾವಣೆಗಳಲ್ಲಿ ಈ ಅಳತೆ ಎರಡು ರೀತಿಯಲ್ಲಿ ತಪ್ಪುತ್ತದೆ. ಮೊದಲು ನೆಲಮಹಡಿಯ ಮನೆ ಕಟ್ಟಿಸಿ, ನಾಲ್ಕೈದು ವರ್ಷಗಳ ನಂತರ ಬಾಡಿಗೆಯ ಆಸೆಗೆ ಮೇಲೆ ಎರಡು ಮಹಡಿ ಏರಿಸುವುದು ಸಾಮಾನ್ಯ. ಐದು ಜನರಿದ್ದ ನಿವೇಶನದಲ್ಲಿ ಹದಿನೈದು ಇಪ್ಪತ್ತು ಜನರಾಗುತ್ತಾರೆ. ನೀರಿನ ತೊಟ್ಟಿ ದೊಡ್ಡದಾಗುತ್ತದೆ, ವಿದ್ಯುತ್ ಮೀಟರುಗಳು ಹೆಚ್ಚುತ್ತವೆ. ನೆಲದಡಿಯ ಟ್ಯಾಂಕು ಮಾತ್ರ ಮೊದಲಿದ್ದಷ್ಟೇ ಉಳಿಯುತ್ತದೆ. ಹೀಗಾದಾಗ ಕೊಳಚೆ ನಿಲ್ಲಬೇಕಾದಷ್ಟು ಹೊತ್ತು ನಿಲ್ಲದೆ ಘನಪದಾರ್ಥವೇ ಇಂಗುಗುಂಡಿಗೆ ನುಗ್ಗಿ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಅಪಾಯಕಾರಿ. ಸೆಪ್ಟಿಕ್ ಟ್ಯಾಂಕ್ ಎಂದು ಕರೆಯಲಾಗುವ ಅನೇಕ ಗುಂಡಿಗಳಿಗೆ ತಳವೇ ಇರುವುದಿಲ್ಲ. ಆಳವಾದ ಗುಂಡಿ ತೋಡಿ, ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ಮೇಲೆ ಚಪ್ಪಡಿ ಮುಚ್ಚಿದರೆ ಕೆಲಸ ಮುಗಿಯಿತು. ಖರ್ಚು ಕಡಿಮೆ, ಬಹುಕಾಲ ತೊಂದರೆಯಿಲ್ಲ. ಇಪ್ಪತ್ತು ವರ್ಷವಾದರೂ ಗುಂಡಿ ತುಂಬಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆಯವರು ಎಲ್ಲ ಬಡಾವಣೆಗಳಲ್ಲೂ ಸಿಗುತ್ತಾರೆ. ವಾಸ್ತವದಲ್ಲಿ ಅದು ಹೆಮ್ಮೆಪಡುವ ಸಂಗತಿಯಲ್ಲ. ನಿತ್ಯ ಬಳಕೆಯಲ್ಲಿರುವ ಗುಂಡಿ ಇಪ್ಪತ್ತು ವರ್ಷ ತುಂಬದಿದ್ದರೆ ಅದರೊಳಗಿನದು ಒಂದೋ ನೆಲದಡಿಯ ನೀರನ್ನು ಸೇರುತ್ತಿದೆ, ಇಲ್ಲವೇ ಚರಂಡಿಗೆ ಹರಿದುಹೋಗುತ್ತಿದೆ. ಮೂರನೆಯ ದಾರಿಯಿಲ್ಲ.

ಮೈಸೂರು ಸೀಮೆಯ ನೆಲದಡಿ ಇರುವುದು ಗಟ್ಟಿ ಬಂಡೆ. ಮೇಲಿನ ಮಣ್ಣಿನ ಪದರ ಶೋಧಕದಂತೆ ಕೆಲಸ ಮಾಡಬಲ್ಲದು. ಆದರೆ ಬಂಡೆಯ ಬಿರುಕಿಗೆ ಇಳಿದ ನೀರನ್ನು ಶೋಧಿಸುವವರಿಲ್ಲ. ಕೊಳವೆಬಾವಿಗಳು ನೀರು ಸೆಳೆಯುವುದೂ ಅಂಥ ಬಿರುಕುಗಳಿಂದಲೇ. ಕುಡಿಯುವ ನೀರಿನ ಮೂಲದಿಂದ ಇಂಗುಗುಂಡಿ ಕನಿಷ್ಠ 18 ಮೀಟರ್ ದೂರವಿರಬೇಕೆಂಬುದು ನಿಯಮ. ಮೂವತ್ತು-ನಲವತ್ತು ಅಡಿಯ ನಿವೇಶನವೆಂದರೆ ಒಂಬತ್ತು ಮೀಟರಿಗೆ ಹನ್ನೆರಡು ಮೀಟರ್. ಅಂತಹ ನಿವೇಶನಗಳು ಒತ್ತೊತ್ತಾಗಿರುವಲ್ಲಿ ಒಬ್ಬರ ಕೊಳವೆಬಾವಿಯಿಂದ ತಮ್ಮ ಗುಂಡಿಯನ್ನೂ ಎರಡೂ ಬದಿಯ ನೆರೆಯವರ ಗುಂಡಿಯನ್ನೂ 18 ಮೀಟರ್ ದೂರವಿಡುವುದು ಲೆಕ್ಕಕ್ಕೇ ಸಿಗದ ಮಾತು. ಕಾವೇರಿ ಅಥವಾ ಕಬಿನಿಯ ನೀರು ನಲ್ಲಿಯಲ್ಲಿ ಬರುವ ಮನೆಗಳಿಗೆ ಇದರ ಬಿಸಿ ತಟ್ಟದಿರಬಹುದು. ಕೊಳವೆಬಾವಿಯನ್ನೇ ನಂಬಿದ ಬಡಾವಣೆಗಳಿಗೆ ಇದು ಆರೋಗ್ಯದ ಪ್ರಶ್ನೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಪ್ರಮಾಣ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಮಾನಕ ಹೇಳುತ್ತದೆ. ಮಲಮೂತ್ರ ಇಂಗುವ ನೆಲದಲ್ಲಿ ಮೊದಲು ಏರುವುದು ಅದೇ ನೈಟ್ರೇಟ್, ಮತ್ತು ನೀರನ್ನು ಕುದಿಸಿದರೂ ಅದು ಹೋಗುವುದಿಲ್ಲ.

ಕೊಳಚೆ ಕುಡಿಯುವ ನೀರನ್ನು ಸೇರಿದರೆ ಏನಾಗುತ್ತದೆ ಎಂಬ ಭಯವನ್ನು ಮೈಸೂರು ತಾಲ್ಲೂಕು ತೀರ ಹತ್ತಿರದಿಂದ ಕಂಡಿದೆ. 2024ರ ಮೇ ತಿಂಗಳಲ್ಲಿ ನಗರದ ಅಂಚಿನ ಕೆ. ಸಾಲುಂಡಿ ಗ್ರಾಮದಲ್ಲಿ ವಾಂತಿಭೇದಿ ಕಾಣಿಸಿಕೊಂಡು ಯುವಕನೊಬ್ಬ ಮೃತಪಟ್ಟ, ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಕಲುಷಿತ ನೀರಿನ ಸೇವನೆಯೇ ಇದಕ್ಕೆ ಕಾರಣವೆಂಬ ಆರೋಪ ಕೇಳಿಬಂದಿತು. ಮೇಲ್ಭಾಗದ ಬಡಾವಣೆಗಳ ಕೊಳಚೆ ತಮ್ಮೂರಿನ ಕೆರೆಗೆ ಬರುತ್ತಿದೆಯೆಂದು ಗ್ರಾಮಸ್ಥರು ದೂರಿದ್ದರು. ಆ ಪ್ರಕರಣದ ಹೊಣೆಯನ್ನು ಸೆಪ್ಟಿಕ್ ಟ್ಯಾಂಕುಗಳ ಮೇಲೆ ಹೊರಿಸಲಾಗದು. ಆದರೆ ನಗರ ತನ್ನ ಕೊಳಚೆಗೆ ಸರಿಯಾದ ದಾರಿ ಮಾಡಿಕೊಳ್ಳದಿದ್ದರೆ ತಗ್ಗಿನಲ್ಲಿರುವ ಹಳ್ಳಿಗಳ ಪಾಡೇನು ಎಂಬ ಪ್ರಶ್ನೆಯನ್ನು ಅದು ಎಲ್ಲರ ಮುಂದಿಟ್ಟಿತು.

ಮನೆಯವರ ಕೈಯಲ್ಲಿರುವುದು

ಕೆಸರು ಟ್ಯಾಂಕಿನ ಮೂರನೇ ಒಂದು ಭಾಗದಷ್ಟು ಏರುವ ಮೊದಲೇ, ಸಾಮಾನ್ಯವಾಗಿ ಎರಡು ಮೂರು ವರ್ಷಗಳಿಗೊಮ್ಮೆ ಅದನ್ನು ತೆಗೆಸಬೇಕೆಂದು ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2013ರಲ್ಲೇ ಸ್ಥಳೀಯ ಸಂಸ್ಥೆಗಳಿಗೆ ಸಲಹೆ ನೀಡಿದೆ. ಉಕ್ಕಿ ಹರಿಯುವವರೆಗೆ ಕಾಯುವುದು ವಾಹನದ ಎಂಜಿನ್ ಆಯಿಲನ್ನು ಎಂಜಿನ್ ಕೆಡುವವರೆಗೂ ಬದಲಿಸದೆ ಇರುವುದಕ್ಕೆ ಸಮ. ಮಳೆಗಾಲದಲ್ಲಿ ನೆಲ ನೆನೆದು ಇಂಗುವಿಕೆ ಕುಂದುವುದರಿಂದ ಉಕ್ಕುವ ಸಂಭವ ಹೆಚ್ಚು. ಆದುದರಿಂದ ಬೇಸಿಗೆಯಲ್ಲಿಯೇ ಕೆಸರು ತೆಗೆಸುವುದು ಜಾಣತನ.

ಕೆಸರಿನ ಮಟ್ಟ ತಿಳಿಯಲು ಸುಲಭದ ಉಪಾಯವಿದೆ. ಉದ್ದನೆಯ ಕೋಲಿನ ತುದಿಗೆ ಬಿಳಿ ಬಟ್ಟೆ ಸುತ್ತಿ, ತಪಾಸಣೆಯ ಸಣ್ಣ ಬಾಯಿಯಿಂದ ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತಿನ ನಂತರ ಮೇಲೆತ್ತಿದರೆ ಕಪ್ಪು ಕೆಸರು ಎಷ್ಟು ಎತ್ತರಕ್ಕೆ ಅಂಟಿದೆ ಎಂಬುದು ಕಾಣುತ್ತದೆ. ಮುಚ್ಚಳ ತೆಗೆದು ಕೆಲಹೊತ್ತು ಗಾಳಿಯಾಡಲು ಬಿಟ್ಟು, ದೂರದಲ್ಲಿ ನಿಂತೇ ಇದನ್ನು ಮಾಡಬೇಕು. ಬಾಯಿಯ ಮೇಲೆ ಬಾಗಿ ನೋಡುವುದಾಗಲಿ, ಬೆಂಕಿಕಡ್ಡಿ ಗೀರುವುದಾಗಲಿ, ಬೀಡಿ ಸಿಗರೇಟು ಸೇದುವುದಾಗಲಿ ಕೂಡದು. ಮೀಥೇನ್ ಹೊತ್ತಿಕೊಳ್ಳುವ ಅನಿಲ.

ಕೆಸರು ತೆಗೆಸುವಾಗ ಟ್ಯಾಂಕನ್ನು ತೊಳೆದು ಒರೆಸಿದಂತೆ ಖಾಲಿ ಮಾಡಿಸುವುದೂ ಸರಿಯಲ್ಲ. ಹೆಪ್ಪಿಗೆ ಮಜ್ಜಿಗೆ ಉಳಿಸಿಕೊಂಡಂತೆ ತಳದಲ್ಲಿ ತುಸು ಹಳೆಯ ಕೆಸರನ್ನು ಬಿಟ್ಟರೆ ಸೂಕ್ಷ್ಮಜೀವಿಗಳು ಬೇಗ ವೃದ್ಧಿಯಾಗುತ್ತವೆ. ಶೌಚಾಲಯಕ್ಕೆ ಫಿನೈಲ್, ಬ್ಲೀಚಿಂಗ್ ಪುಡಿ, ಆಸಿಡ್ ಧಾರಾಳವಾಗಿ ಸುರಿದರೆ ಕಮೋಡು ಹೊಳೆಯಬಹುದು, ಟ್ಯಾಂಕಿನ ಜೀವಿಗಳು ಸಾಯುತ್ತವೆ. ಅಡುಗೆಮನೆಯ ಎಣ್ಣೆ ಜಿಡ್ಡು ಮೇಲಿನ ಕೆನೆಯನ್ನು ಗಟ್ಟಿಗೊಳಿಸುತ್ತದೆ. ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್, ಪ್ಲಾಸ್ಟಿಕ್ ಇವು ಎಂದಿಗೂ ಕೊಳೆಯುವುದಿಲ್ಲ. ಹೀರುವ ಯಂತ್ರದ ಕೊಳವೆಗೆ ಇವು ಸಿಕ್ಕಿಕೊಂಡಾಗಲೇ ಮನುಷ್ಯನನ್ನು ಒಳಗಿಳಿಸುವ ಮಾತು ಬರುವುದು. ಮಳೆನೀರಿನ ಕೊಳವೆಯನ್ನು ಟ್ಯಾಂಕಿಗೆ ಜೋಡಿಸಬಾರದು. ಅನಿಲ ಹೊರಹೋಗುವ ಕೊಳವೆ ಮನೆಯ ಮೇಲ್ಛಾವಣಿಗಿಂತ ಎತ್ತರದಲ್ಲಿರಬೇಕು, ಅದರ ತುದಿಗೆ ಸೊಳ್ಳೆ ಬಾರದಂತೆ ಜಾಲರಿ ಕಟ್ಟಿರಬೇಕು. ಟ್ಯಾಂಕಿಗೆ ಹಾಕಿದರೆ ಕೆಸರೇ ಕರಗಿಹೋಗುತ್ತದೆಂದು ಮಾರಲಾಗುವ ಪುಡಿಗಳು ಕೆಸರು ತೆಗೆಯುವುದಕ್ಕೆ ಬದಲಿಯಾಗಲಾರವು.

ಎಲ್ಲಕ್ಕಿಂತ ಮುಖ್ಯವಾದುದು ಮುಚ್ಚಳಕ್ಕೆ ದಾರಿ ಉಳಿಸಿಕೊಳ್ಳುವುದು. ಟೈಲ್ಸ್ ಹಾಕಿ, ಮೇಲೆ ತುಳಸಿಕಟ್ಟೆಯನ್ನೋ ಹೂಕುಂಡಗಳ ಸಾಲನ್ನೋ ಇಟ್ಟು ಮರೆತ ಟ್ಯಾಂಕು ಉಕ್ಕಿದ ದಿನ ನೆಲ ಒಡೆಯುವುದರಿಂದಲೇ ಕೆಲಸ ಆರಂಭವಾಗುತ್ತದೆ. ಅಂತಹ ಅವಸರದಲ್ಲಿಯೇ ಅನಾಹುತ ಸಂಭವಿಸುವುದು.

ಗುಂಡಿಗಿಳಿದವರ ಲೆಕ್ಕ

ಹೈಡ್ರೋಜನ್ ಸಲ್ಫೈಡ್ ಅನಿಲ ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಿದಾಗ ಅದು ಮೊದಲು ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತು, ಇನ್ನು ಭಯವಿಲ್ಲ ಎಂದುಕೊಂಡವನು ಕೆಲವೇ ಉಸಿರುಗಳಲ್ಲಿ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನು, ಇಬ್ಬರಿಗಾಗಿ ಇಳಿದ ಮೂರನೆಯವನು ಹೀಗೆ ಒಂದೇ ಗುಂಡಿಯಲ್ಲಿ ಹಲವರು ಸಾಯುವುದು ದೇಶದಲ್ಲಿ ಮತ್ತೆ ಮತ್ತೆ ನಡೆದಿದೆ. 2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಸ್ವಚ್ಛತೆಯ ವೇಳೆ ದೇಶದಲ್ಲಿ 377 ಮಂದಿ ಮೃತಪಟ್ಟಿರುವುದಾಗಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಸತ್ತವರ ಜಾತಿಯನ್ನು ಕೇಳಬೇಕಾದ ಅಗತ್ಯವೇ ಬೀಳುವುದಿಲ್ಲ ಎಂಬುದು ಈ ದೇಶದ ದೊಡ್ಡ ಲಜ್ಜೆ.

ಈ ಲಜ್ಜೆಯ ವಿರುದ್ಧ ಕನ್ನಡ ನಾಡು ಬೇಗ ದನಿಯೆತ್ತಿತ್ತು. ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರದ್ದುಗೊಳಿಸಿದರು. ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ದೇಶವ್ಯಾಪಿ ಚಳವಳಿ ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪುರಸ್ಕಾರ ಪಡೆದರು. ಹಾಗಿದ್ದೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾದ ಸ್ಥಿತಿ ಬಂದಿತು. ಒಣ ಶೌಚಾಲಯಗಳು ಹೋದವು, ತಲೆಯ ಮೇಲಿನ ಬುಟ್ಟಿ ಹೋಯಿತು. ಬುಟ್ಟಿಯ ಜಾಗದಲ್ಲಿ ಟ್ಯಾಂಕು ಬಂದಿತು, ಅದರೊಳಗೆ ಇಳಿಯುವವರು ಮಾತ್ರ ಬದಲಾಗಲಿಲ್ಲ.

2013ರ ಡಿಸೆಂಬರ್ 6ರಂದು ಜಾರಿಗೆ ಬಂದ ಮಲ ಹೊರುವ ವೃತ್ತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆಯ 7ನೇ ಸೆಕ್ಷನ್ ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ ಅಥವಾ ಏಜೆನ್ಸಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಯಾರನ್ನೂ ಒಳಚರಂಡಿ ಇಲ್ಲವೇ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ನೇಮಿಸುವಂತಿಲ್ಲ ಎನ್ನುತ್ತದೆ. ಇಲ್ಲಿ 'ಯಾವುದೇ ವ್ಯಕ್ತಿ' ಎಂಬ ಮಾತಿಗೆ ವಿಶೇಷ ಮಹತ್ವವಿದೆ. ಕಾನೂನು ಪಾಲಿಕೆಗೆ, ಗುತ್ತಿಗೆದಾರರಿಗೆ ಮಾತ್ರ ಎಂಬ ಭಾವನೆ ಸಾಮಾನ್ಯರಲ್ಲಿದೆ. ತಮ್ಮ ಮನೆಯ ಟ್ಯಾಂಕಿಗೆ ಕೂಲಿಯಾಳನ್ನು ಇಳಿಸುವ ಮಾಲೀಕರೂ ಇದೇ ಸೆಕ್ಷನ್ನಿಗೆ ಒಳಪಡುತ್ತಾರೆ. ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮರುಕಳಿಸಿದರೆ ಐದು ವರ್ಷ, ಐದು ಲಕ್ಷ ರೂಪಾಯಿವರೆಗೆ. ಅಪರಾಧ ಜಾಮೀನುರಹಿತವಾದುದು. ಆಳು ತಾನಾಗಿ ಒಪ್ಪಿ ಇಳಿದ ಎಂಬ ಸಮಜಾಯಿಷಿಗೆ ಇಲ್ಲಿ ಬೆಲೆಯಿಲ್ಲ.

2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು ಸಫಾಯಿ ಕರ್ಮಚಾರಿ ಆಂದೋಲನ ಪ್ರಕರಣದಲ್ಲಿ, 1993ರಿಂದ ಹೀಗೆ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು. 2023ರ ಅಕ್ಟೋಬರ್ 20ರಂದು ಬಲರಾಂ ಸಿಂಗ್ ಪ್ರಕರಣದಲ್ಲಿ ಆ ಮೊತ್ತವನ್ನು 30 ಲಕ್ಷ ರೂಪಾಯಿಗೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಒಳಚರಂಡಿ ಸ್ವಚ್ಛಗೊಳಿಸುವುದನ್ನು ನಿಲ್ಲಿಸುವಂತೆ ಆದೇಶ ಹೊರಡಿಸಿತು. ಮೈಸೂರು ಆ ಆರರ ಪಟ್ಟಿಯಲ್ಲಿಲ್ಲ. ಆದರೆ 2013ರ ಕಾಯ್ದೆ ಇಡೀ ಊರಿಗೆ, ಅದರ ಪ್ರತಿ ಮನೆಗೆ ಅನ್ವಯಿಸುತ್ತದೆ.

ಟ್ಯಾಂಕರ್ ಹೋಗುವುದು ಎಲ್ಲಿಗೆ?

ಯಂತ್ರದಿಂದಲೇ ಕೆಸರು ತೆಗೆಸಿದರೆ ಮನೆಯವರ ಹೊಣೆ ಮುಗಿಯಿತೇ? ಹೀರುವ ಗಾಡಿ ಗೇಟು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸುವವರು ಕಡಿಮೆ. ಒಂದು ಗಾಡಿಯಲ್ಲಿ ಸಾವಿರಾರು ಲೀಟರ್ ಹಸಿ ಕೆಸರು ಇರುತ್ತದೆ. ಅದನ್ನು ಶುದ್ಧೀಕರಣ ಘಟಕಕ್ಕೆ ಒಯ್ಯಲು ಡೀಸೆಲ್ ಬೇಕು, ಸಮಯ ಬೇಕು, ಅಲ್ಲಿ ಸ್ವೀಕರಿಸುವ ವ್ಯವಸ್ಥೆಯೂ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕತ್ತಲಾದ ಮೇಲೆ ರಾಜಕಾಲುವೆಯೋ, ಪಾಳುಬಿದ್ದ ಹೊಲವೋ, ಕೆರೆಯ ಕೋಡಿಯೋ ಸುಲಭದ ದಾರಿಯಾಗಿ ಕಾಣುತ್ತದೆ. ಹಾಗಾದರೆ ಮನೆಯವರು ಹಣ ಕೊಟ್ಟು ತಮ್ಮ ಹಿತ್ತಲಿನ ಕೊಳಕನ್ನು ಇನ್ನೊಬ್ಬರ ಕೆರೆಗೆ ಸಾಗಿಸಿದಂತಾಯಿತೇ ಹೊರತು ಬೇರೇನೂ ಅಲ್ಲ.

ಈ ಕೊಂಡಿಯನ್ನು ಸರಿಪಡಿಸಲು ದೂರ ಹೋಗಬೇಕಾಗಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿಯೇ ಶೌಚಗುಂಡಿಯ ಕೆಸರಿಗೆಂದೇ ಪ್ರತ್ಯೇಕ ಸಂಸ್ಕರಣಾ ಘಟಕ ಆರಂಭವಾಯಿತು. ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಈ ಘಟಕ ದೇಶದಲ್ಲಿ ಒಂದು ಪಟ್ಟಣದ ಮಟ್ಟದಲ್ಲಿ ಸ್ಥಾಪನೆಯಾದ ಇಂತಹ ಘಟಕಗಳಲ್ಲಿ ಮೊದಲನೆಯದು. ಕೇಂದ್ರ ಸರ್ಕಾರ ಶೌಚಗುಂಡಿ ಕೆಸರು ನಿರ್ವಹಣೆಯ ರಾಷ್ಟ್ರೀಯ ನೀತಿ ಪ್ರಕಟಿಸಿದ್ದು 2017ರ ಫೆಬ್ರವರಿಯಲ್ಲಿ. 2021ರ ಅಕ್ಟೋಬರ್ 1ರಂದು ಆರಂಭವಾದ ಸ್ವಚ್ಛ ಭಾರತ ನಗರ ಅಭಿಯಾನದ ಎರಡನೇ ಹಂತವು ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ಬಳಸಿದ ನೀರಿನ ನಿರ್ವಹಣೆಯನ್ನು ತನ್ನ ವ್ಯಾಪ್ತಿಗೆ ತಂದುಕೊಂಡಿತು. ಮೈಸೂರಿನ ಸುತ್ತ ಹೊಸದಾಗಿ ಹುಟ್ಟಿದ ಸ್ಥಳೀಯ ಸಂಸ್ಥೆಗಳಂತಹವುಗಳಿಗೆ ಇದರಿಂದ ದಾರಿ ತೆರೆದಿತ್ತು.

ಮಹಾರಾಷ್ಟ್ರದ ವಾಯಿ ಪಟ್ಟಣದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದಿನದು. ಅಲ್ಲಿ 2018ರಿಂದ ಮನೆಯವರು ಕರೆಯುವವರೆಗೆ ಕಾಯದೆ ಪುರಸಭೆಯೇ ಸರದಿಯ ಪ್ರಕಾರ ಮೂರು ವರ್ಷಕ್ಕೊಮ್ಮೆ ಎಲ್ಲ ಟ್ಯಾಂಕುಗಳ ಕೆಸರು ತೆಗೆಸುವ ಪದ್ಧತಿ ಜಾರಿಗೆ ಬಂದಿತು. ಖರ್ಚನ್ನು ಒಮ್ಮೆಲೇ ಕೇಳದೆ ವಾರ್ಷಿಕ ತೆರಿಗೆಯ ಮೂಲಕ ಹಂಚಿಕೊಳ್ಳಲಾಗುತ್ತದೆ. ಜಪಾನಿನಲ್ಲಿ 1983ರ ಕಾನೂನಿನ ಪ್ರಕಾರ ಜೋಕಾಸೊ ಎಂಬ ಮನೆಮಟ್ಟದ ಶುದ್ಧೀಕರಣ ತೊಟ್ಟಿಗಳಿಗೆ ವರ್ಷಕ್ಕೊಮ್ಮೆ ತಪಾಸಣೆ, ಕೆಸರು ತೆಗೆಯುವಿಕೆ ಕಡ್ಡಾಯ. ಈ ಎರಡೂ ಕಡೆ ಗಮನಾರ್ಹವಾದುದು ಒಂದೇ. ಟ್ಯಾಂಕು ಮನೆಯವರದ್ದಾದರೂ ಅದರ ದಿನಾಂಕದ ಪುಸ್ತಕ ಊರಿನದ್ದು.

ಮೈಸೂರಿನ ಮುಂದಿರುವ ಆಯ್ಕೆ

ಅಂಚಿನ ಬಡಾವಣೆಗಳಿಗೆಲ್ಲ ಒಳಚರಂಡಿ ಕೊಳವೆ ಹಾಕಿಬಿಟ್ಟರೆ ಟ್ಯಾಂಕಿನ ಸಮಸ್ಯೆಯೇ ಇರುವುದಿಲ್ಲ ಎಂಬ ವಾದವಿದೆ. ಅದು ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಕೊಳವೆ, ಪಂಪಿಂಗ್ ಕೇಂದ್ರ, ಹೊಸ ಶುದ್ಧೀಕರಣ ಘಟಕ ಇವೆಲ್ಲ ಮುಗಿಯಲು ವರ್ಷಗಳೇ ಬೇಕು. ಸುತ್ತಲಿನ ಸ್ಥಳೀಯ ಸಂಸ್ಥೆಗಳನ್ನು ಪಾಲಿಕೆಯೊಂದಿಗೆ ಸೇರಿಸಿ ಬೃಹತ್ ಮೈಸೂರು ರಚಿಸುವ ಮಾತು ಬಹುಕಾಲದಿಂದ ಕೇಳಿಬಂದಿದೆ. ಗಡಿ ವಿಸ್ತರಿಸಿದ ದಿನವೇ ಕೊಳವೆಯೂ ವಿಸ್ತರಿಸುವುದಿಲ್ಲ. ಅಲ್ಲಿಯವರೆಗೆ ಈಗಿರುವ ಟ್ಯಾಂಕುಗಳೇ ಆ ಬಡಾವಣೆಗಳ ಒಳಚರಂಡಿ. ಅವುಗಳನ್ನು ತಾತ್ಕಾಲಿಕವೆಂದು ಕಡೆಗಣಿಸಿದಷ್ಟು ಕಾಲವೂ ಅಪಾಯ ಕಾಯಂ ಆಗಿರುತ್ತದೆ.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಮನೆಗಂದಾಯದ ದಾಖಲೆಯಲ್ಲಿ ಟ್ಯಾಂಕು ಇದೆಯೇ, ಅದರ ಅಳತೆಯೇನು, ಕೊನೆಯ ಬಾರಿ ಕೆಸರು ತೆಗೆಸಿದ್ದು ಯಾವಾಗ ಎಂಬ ಮೂರು ಕಾಲಂ ಸೇರಿಸಿದರೆ ಅರ್ಧ ಕೆಲಸ ಆದಂತೆ. ಮೇಲಂತಸ್ತಿಗೆ ಪರವಾನಗಿ ಕೊಡುವಾಗ ಟ್ಯಾಂಕಿನ ಸಾಮರ್ಥ್ಯವನ್ನೂ ಪರಿಶೀಲಿಸಬೇಕು. ಹೀರುವ ಗಾಡಿಗಳಿಗೆ ಪರವಾನಗಿ ಕಡ್ಡಾಯಗೊಳಿಸಿ, ಪ್ರತಿ ಲೋಡಿಗೂ ಶುದ್ಧೀಕರಣ ಘಟಕದ ರಸೀದಿ ಪಡೆಯುವ ಪದ್ಧತಿ ಜಾರಿಗೆ ತರಬೇಕು. ಮನೆಯವರು ಗಾಡಿಯವರಿಂದ ಆ ರಸೀದಿಯ ಪ್ರತಿ ಕೇಳಿ ಪಡೆಯುವಂತಾಗಬೇಕು. ಗ್ಯಾಸ್ ಸಿಲಿಂಡರ್ ಬಂದಾಗ ತೂಕ ನೋಡುವ ಮನೆಯವರಿಗೆ ಇದು ಕಷ್ಟವಾಗದು. ಅಪಾಯಕಾರಿ ಸ್ವಚ್ಛತೆಯ ಬಗ್ಗೆ ದೂರು ನೀಡಲು, ಯಂತ್ರ ಕರೆಸಿಕೊಳ್ಳಲು 2020ರಲ್ಲಿ ಪ್ರಕಟಿಸಲಾದ 14420 ಎಂಬ ಸಂಖ್ಯೆ ಅಂಚಿನ ಬಡಾವಣೆಗಳ ನೀರಿನ ಬಿಲ್ಲಿನ ಮೇಲೂ ಅಚ್ಚಾಗಲಿ.

ಇದಕ್ಕೆ ಹಣದ ಕೊರತೆಯ ನೆಪ ಒಡ್ಡುವುದು ಸುಲಭ. ಗುಂಡಿಗಿಳಿದ ಒಬ್ಬ ಕಾರ್ಮಿಕನ ಸಾವಿಗೆ ನ್ಯಾಯಾಲಯ ನಿಗದಿಪಡಿಸಿರುವ ಪರಿಹಾರವೇ 30 ಲಕ್ಷ ರೂಪಾಯಿ. ಹೋದ ಜೀವಕ್ಕೆ ಅದೂ ಬೆಲೆಯಲ್ಲ. ಹೀರುವ ಯಂತ್ರಗಳಿಗೆ, ಅವುಗಳನ್ನು ನಡೆಸುವವರ ತರಬೇತಿಗೆ ಮೊದಲೇ ಖರ್ಚು ಮಾಡುವುದು ಆಡಳಿತದ ದೃಷ್ಟಿಯಿಂದಲೂ ಅಗ್ಗ.

ಮನೆಗಳ ಮಟ್ಟಿಗೆ ಈ ಬೇಸಿಗೆಯೊಳಗೆ ಆಗಬಹುದಾದ ಕೆಲಸ ಮೂರು. ಮುಚ್ಚಳ ಎಲ್ಲಿದೆಯೆಂದು ಹುಡುಕುವುದು, ಕೆಸರಿನ ಮಟ್ಟ ನೋಡುವುದು, ತುಂಬಿದ್ದರೆ ಯಂತ್ರದಿಂದಲೇ ತೆಗೆಸಿ ದಿನಾಂಕವನ್ನು ಗೋಡೆಯ ಮೇಲೋ ಮನೆಯ ಪತ್ರಗಳ ಜೊತೆಗೋ ಬರೆದಿಡುವುದು. ಯಂತ್ರದ ಕೊಳವೆ ಮುಟ್ಟದ ಮೂಲೆಯಲ್ಲಿ ಒಂದಿಷ್ಟು ಕೆಸರು ಉಳಿದುಬಿಟ್ಟರೆ ಅದು ಅಲ್ಲಿಯೇ ಉಳಿಯಲಿ. ಅದಕ್ಕಾಗಿ ಒಬ್ಬ ಮನುಷ್ಯನನ್ನು ಒಳಗಿಳಿಸುವ ಹಕ್ಕು ಯಾವ ಮನೆಯ ಯಜಮಾನನಿಗೂ ಇಲ್ಲ.